ಹುಂಜದ ಎದುರು ನಿಲ್ಲಲು ಕಲಿತದ್ದು

ಮಗಳ ಮೀನಖಂಡಕ್ಕೆ ಹುಂಜ ಒದ್ದ ದಿನ ಕೋಳಿ ಸಾಕುವುದನ್ನೇ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಆಗ ಅವಳಿಗೆ ಆರು ವರ್ಷ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚೊಂಬು ಹಿಡಿದು ನಿಂತಿದ್ದಳು. ಹಿಂದಿನಿಂದ ಓಡಿಬಂದ ಕೆಂಪು ಹುಂಜ ಎರಡೂ ಕಾಲೆತ್ತಿ ಹಾರಿ ಒದ್ದಿತು. ಕಾಲಿನ ಮುಳ್ಳು ಚರ್ಮದೊಳಕ್ಕೆ ಹೋಗಿತ್ತು. ಸೋಪು ಹಾಕಿ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿದೆವು. ಇನ್ನೂ ಮೇಲೆ ಹಾರಿದ್ದರೆ ಕಣ್ಣಿಗೇ ಬೀಳುತ್ತಿತ್ತಲ್ಲ ಅನ್ನಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದು ಹಾಗಾಗಲು ನಾವೇ ಕಾರಣ. ತಾಯಿಕೋಳಿಯನ್ನೂ ಮಿಕ್ಕ ಮರಿಗಳನ್ನೂ ಮುಂಗುಸಿ ಹಿಡಿದ ಮೇಲೆ ಉಳಿದ ಒಂದೇ ಮರಿ ಅದು. ರಟ್ಟಿನ ಡಬ್ಬದಲ್ಲಿ ಬಲ್ಬ್ ಹಾಕಿ ಬೆಚ್ಚಗೆ ಇಟ್ಟು, ನುಚ್ಚನ್ನು ಕೈಯಿಂದಲೇ ತಿನ್ನಿಸಿ ಬೆಳೆಸಿದ್ದೆವು. ಮಗಳ ಹೆಗಲ ಮೇಲೆ ಕೂತುಕೊಂಡೇ ತಿರುಗುತ್ತಿತ್ತು. ನೋಡುವುದಕ್ಕೆ ಎಷ್ಟು ಮುದ್ದು! ಆದರೆ ಒಡಹುಟ್ಟುಗಳಿಲ್ಲದೆ ಮನುಷ್ಯರ ನಡುವೆಯೇ ಬೆಳೆದ ಹುಂಜಕ್ಕೆ ನಾವೂ ಅದರ ಗುಂಪಿನವರೇ. ಐದನೇ ತಿಂಗಳಲ್ಲಿ ಕೂಗಲು ಶುರುಮಾಡಿತು. ಹರೆಯ ಬಂದಂತೆ ನಾವು ಅದರ ಕಣ್ಣಿಗೆ ಎದುರಾಳಿ ಹುಂಜಗಳಾದೆವು. ಗುಂಪಿನಲ್ಲಿ ಬೆಳೆಯುವ ಪಿಳ್ಳೆಗೆ ದೊಡ್ಡ ಕೋಳಿಗಳು ಕುಕ್ಕಿ ಕುಕ್ಕಿ ಅದರ ಜಾಗ ಯಾವುದೆಂದು ತೋರಿಸಿಕೊಟ್ಟಿರುತ್ತವೆ. ಕೆಂಪು ಹುಂಜಕ್ಕೆ ಆ ಪಾಠವೇ ಆಗಿರಲಿಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪೊರಕೆ ತೆಗೆದುಕೊಂಡು ಹೊಡೆದೆ, ಕಾಲಲ್ಲಿ ತಳ್ಳಿದೆ. ಮಾರನೇ ದಿನದಿಂದ ಪೊರಕೆ ಕಂಡರೇ ಕತ್ತಿನ ಪುಕ್ಕ ಕೆದರಿಕೊಂಡು ಬರುತ್ತಿತ್ತು. ಹೊಡೆದಾಟಕ್ಕೆ ಕರೆದವಳು ನಾನು, ಅದು ಬಂತು, ಅಷ್ಟೆ. ನಮ್ಮನೆಯವರು ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದು ಇನ್ನೂ ಕೆಟ್ಟದ್ದು, ಓಡಿದವರನ್ನು ಗೆದ್ದೆ ಅಂತಲೇ ಅದರ ಲೆಕ್ಕ.

ನಮ್ಮತ್ತೆ ಒಂದು ವಾರ ಸುಮ್ಮನೆ ನೋಡಿ, ಕೊನೆಗೆ ಹೇಳಿದರು: "ಅದುಕ್ಕೆ ಬೆನ್ನು ತೋರುಸ್ಬ್ಯಾಡ ಕಣಮ್ಮ, ಹೊಡೀಲೂಬ್ಯಾಡ. ನಿಂತ್ಕೊ. ನಿನ್ ಪಾಡಿಗೆ ನೀನು ಅದರ ದಾರೀಲೇ ನಡಿ, ಅದೇ ಪಕ್ಕಕ್ಕೋಗ್ಲಿ."

ಮಾತು ಸುಲಭ, ಕಲಿಯಲು ಮೂರು ವಾರ ಬೇಕಾಯಿತು. ಗಂಬೂಟು ಹಾಕಿಕೊಂಡು ಹಿತ್ತಲಿಗೆ ಇಳಿಯುತ್ತಿದ್ದೆ. ಹುಂಜ ಒದೆಯುವ ಮುಂಚೆ ಸುಳಿವು ಕೊಟ್ಟೇ ಕೊಡುತ್ತದೆ, ಅದನ್ನು ಓದಲು ಬರಬೇಕು. ಒಂದು ಪಕ್ಕದ ರೆಕ್ಕೆಯನ್ನು ನೆಲ ಸವರುವಷ್ಟು ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತದೆ. ಹೇಟೆಯ, ಅಂದರೆ ಹೆಣ್ಣುಕೋಳಿಯ, ಮುಂದೆ ಹಾಗೆ ಕುಣಿದರೆ ಒಲಿಸುವುದಕ್ಕೆ, ನಮ್ಮ ಮುಂದೆ ಕುಣಿದರೆ ಸವಾಲು. ಇಲ್ಲವೇ ಕಾಳಿಲ್ಲದ ಕಡೆ ನೆಲ ಕುಕ್ಕುತ್ತಾ ಓರೆಗಣ್ಣಲ್ಲಿ ನಮ್ಮನ್ನೇ ನೋಡುತ್ತದೆ. ಆ ಹೊತ್ತಿಗೆ ನಾನು ಅಲ್ಲೇ ನಿಂತು, ಕೈ ಬೀಸದೆ, ಸದ್ದು ಮಾಡದೆ, ಅದರ ಕಡೆಗೇ ನಿಧಾನವಾಗಿ ಎರಡು ಹೆಜ್ಜೆ ಇಡುತ್ತಿದ್ದೆ. ಅದು ಪಕ್ಕಕ್ಕೆ ಸರಿದು ಬೇರೆ ಕಡೆ ಮುಖ ತಿರುಗಿಸುವವರೆಗೂ ಕದಲುತ್ತಿರಲಿಲ್ಲ. ಸರಿದ ಮೇಲೆ ಅಟ್ಟಿಸಿಕೊಂಡು ಹೋಗಬಾರದು, ನಮ್ಮ ಕೆಲಸ ನಾವು ನೋಡಿಕೊಳ್ಳಬೇಕು.

ಹಾರಿ ಬಂದೇಬಿಟ್ಟರೆ ಹಿಡಿದು, ಎರಡೂ ರೆಕ್ಕೆ ಒತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅಂಗೈಯಿಂದ ತಲೆಯನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ, ಹೇಟೆಗಳ ನಡುವೆಯೇ ಐದಾರು ನಿಮಿಷ ಓಡಾಡುತ್ತಿದ್ದೆ. ಮೊದಮೊದಲು ಎದೆ ಡಬಡಬ ಅನ್ನುವುದು ನನ್ನ ಪಕ್ಕೆಗೆ ಗೊತ್ತಾಗುತ್ತಿತ್ತು. ಆಮೇಲೆ ಮೈ ಸಡಿಲ ಬಿಟ್ಟು ಕಣ್ಣು ಅರೆ ಮುಚ್ಚುತ್ತಿತ್ತು. ಆಗಷ್ಟೇ ಕೆಳಗೆ ಬಿಡಬೇಕು. ಒದ್ದಾಡುವಾಗ ಬಿಟ್ಟರೆ ಒದ್ದಾಡಿ ಗೆದ್ದೆ ಅಂತ ಕಲಿಯುತ್ತದೆ. ಕೈಯಿಂದ ತಿನ್ನಿಸುವುದನ್ನೂ ಅವತ್ತಿಂದಲೇ ನಿಲ್ಲಿಸಿದೆ.

ಮೂರು ವಾರದಲ್ಲಿ ನನಗೂ ನಮ್ಮನೆಯವರಿಗೂ ದಾರಿ ಬಿಡಲು ಶುರುಮಾಡಿತು. ಮಗಳಿಗೆ ಮಾತ್ರ ಬಿಡಲಿಲ್ಲ. ಅವಳು ಇನ್ನೂ ಚಿಕ್ಕ ಮಗು, ಅವಳಿಗೆ ನಿಂತುಕೊ ಅನ್ನುವುದು ನ್ಯಾಯವೂ ಅಲ್ಲ. ಎರಡು ತಿಂಗಳು ಜಾಲರಿ ಗೂಡಲ್ಲಿ ಕೂಡಿಟ್ಟು, ಅವಳು ಶಾಲೆಗೆ ಹೋದ ಮೇಲೆ ಬಿಡುತ್ತಿದ್ದೆ. ಒಂದು ಸಂಜೆ ಮತ್ತೆ ಅವಳ ಮೇಲೆ ಹಾರಿತು. ಕೋಳಿ ಅಂಕಕ್ಕೆ, ಅಂದರೆ ಹುಂಜಗಳ ಕಾದಾಟಕ್ಕೆ ಕೊಡಿ, ಒಳ್ಳೆ ಬೆಲೆ ಕೊಡುತ್ತೇನೆ ಎಂದು ಒಬ್ಬರು ಕೇಳಿಕೊಂಡು ಬಂದರು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ಕಾಲಿಗೆ ಕತ್ತಿ ಕಟ್ಟುವವರ ಕೈಗೆ ನಾನು ಸಾಕಿದ ಜೀವವನ್ನು ಕೊಡುತ್ತಿರಲಿಲ್ಲ. ಬೇರೆ ಮನೆಗೆ ಕೊಟ್ಟರೆ ಅಲ್ಲೂ ಮಕ್ಕಳಿರುತ್ತಾರೆ. ಆ ವರ್ಷ ಯುಗಾದಿಯ ಮಾರನೇ ದಿನ, ಬಾಡೂಟದ ಹೊಸತೊಡಕಿಗೆ ಕೊಯ್ದೆವು. ಮಗಳು ಅವತ್ತು ಬರೀ ಮೊಸರನ್ನ ಉಂಡಳು. ಮನುಷ್ಯರ ಮೇಲೆ ಬೀಳುವ ಹುಂಜದಿಂದ ಮರಿ ಮಾಡಿಸಬಾರದು ಅನ್ನುವುದನ್ನು ಅಲ್ಲಿಂದಾಚೆಗೆ ನಾನು ಬಿಟ್ಟಿಲ್ಲ, ಗುಣವೂ ರಕ್ತದಲ್ಲಿ ಇಳಿದು ಬರುತ್ತದೆ.

ಈಗಿರುವ ಬೂದು ಹುಂಜ ತಾಯಿಯ ಜೊತೆ, ದೊಡ್ಡ ಕೋಳಿಗಳ ನಡುವೆ ಬೆಳೆದದ್ದು. ನಾಲ್ಕು ವರ್ಷವಾಯಿತು, ಒಂದು ದಿನ ಯಾರ ಮೇಲೂ ಹಾರಿಲ್ಲ. ಗೆದ್ದಲು ಕಂಡರೆ ತಾನು ತಿನ್ನದೆ ಕೊಕ್ಕಲ್ಲಿ ಎತ್ತಿ ಎತ್ತಿ ಬಿಡುತ್ತಾ, ಕುಟುಕುಟು ಅಂತ ಹೇಟೆಗಳನ್ನು ಕರೆಯುತ್ತದೆ. ಮೇಲೆ ಗಿಡುಗ ಸುಳಿದರೆ ಅದರ ಕೂಗೇ ಬೇರೆ, ಒಂದೇ ಉಸಿರಿನ ಸಣ್ಣ ಸೀಳು ದನಿ. ಕೇಳಿದ ಕೂಡಲೇ ಎಲ್ಲವೂ ಬಾಳೆಬುಡಕ್ಕೆ ನುಗ್ಗಿ ಮರಗಟ್ಟಿದಂತೆ ಕೂರುತ್ತವೆ. ನಾಯಿಯೋ ಮುಂಗುಸಿಯೋ ಬಂದರೆ ಕೊಕ್‌ಕೊಕ್‌ಕೊಕ್ ಎಂದು ಊರಿಗೇ ಕೇಳುವಂತೆ ಅರಚುತ್ತದೆ. ಮೊಟ್ಟೆಗೆ ಹುಂಜ ಬೇಕಿಲ್ಲ ಎನ್ನುವುದು ನಿಜ, ಹೇಟೆ ಹೇಗೂ ಮೊಟ್ಟೆ ಇಡುತ್ತದೆ. ಆದರೆ ಬಯಲಲ್ಲಿ ಬಿಟ್ಟು ಮೇಯಿಸುವವರಿಗೆ ಈ ಕಾವಲು ಬೇಕು.

ಲೆಕ್ಕ ತಪ್ಪಿದರೂ ಹುಂಜ ಕೆಡುತ್ತದೆ. ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಟೆ ಇರಬೇಕು. ಮೊದಲು ನನ್ನ ಹತ್ತಿರ ಐದು ಹೇಟೆಗೆ ಎರಡು ಹುಂಜ ಇದ್ದವು. ಹತ್ತಿ ಹತ್ತಿ ಹೇಟೆಗಳ ಬೆನ್ನಿನ ಪುಕ್ಕವೆಲ್ಲ ಉದುರಿ ಕೆಂಪಗೆ ಬೋಳಾಗಿತ್ತು. ಆ ಹುಂಜಗಳಲ್ಲೊಂದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಆ ತಳಿ ಒಳ್ಳೆಯದೇ, ಆದರೆ ನಾಲ್ಕು ಕೆಜಿ ಹುಂಜ ಒಂದೂವರೆ ಕೆಜಿ ನಾಟಿ ಹೇಟೆಯ ಮೇಲೆ ಹತ್ತಿದರೆ ಪಕ್ಕೆ ಸೀಳಿಹೋಗುತ್ತದೆ. ಗಾಯಕ್ಕೆ ಅರಿಶಿನ, ಬೇವಿನೆಣ್ಣೆ ಹಚ್ಚಿ ಆ ಹೇಟೆಯನ್ನು ಮಂಕರಿ ಕೆಳಗೆ ಬೇರೆ ಇಡಬೇಕು. ರಕ್ತ ಕಂಡರೆ ಮಿಕ್ಕವು ಅಲ್ಲೇ ಕುಕ್ಕಿ ದೊಡ್ಡದು ಮಾಡುತ್ತವೆ. ಹುಂಜವನ್ನು ಬೇರೆ ಕೂಡಿದರೆ ಮರಿ ನಿಂತುಹೋಗುತ್ತದೆ ಎಂದು ಹೆದರುವವರಿದ್ದಾರೆ. ಆದರೆ ಒಮ್ಮೆ ಹುಂಜ ಸೇರಿದ ಮೇಲೆ ಹೇಟೆ ಸುಮಾರು ಎರಡು ವಾರ ಮರಿಯಾಗುವ ಮೊಟ್ಟೆಯನ್ನೇ ಇಡುತ್ತದೆ. ಹಾಗಾಗಿ ಒಂದು ವಾರ ಬಿಡುವು ಕೊಟ್ಟರೂ ಕಾವಿಗೆ ಇಡಲು ತೊಂದರೆಯಿಲ್ಲ. ಹೊಸ ಹುಂಜದ ಮರಿಯೇ ಬೇಕೆಂದರೆ ಹಳೆಯದನ್ನು ತೆಗೆದು ಮೂರು ವಾರ ಕಾದು ಮೊಟ್ಟೆ ಕೂಡಿಡುತ್ತೇನೆ.

ಬೂದು ಹುಂಜದ ಕಾಲಿನ ಮುಳ್ಳನ್ನು ವರ್ಷಕ್ಕೆ ಎರಡು ಸಲ ಮೊಂಡು ಮಾಡುತ್ತೇನೆ. ಕತ್ತಲಾದ ಮೇಲೆ ಗೂಡಿನ ಕೋಲಿನಿಂದ ಇಳಿಸಿಕೊಂಡರೆ ಒದ್ದಾಡುವುದಿಲ್ಲ. ನಮ್ಮನೆಯವರು ಟವಲಲ್ಲಿ ಸುತ್ತಿ ಹಿಡಿಯುತ್ತಾರೆ, ನಾನು ಬ್ಯಾಟರಿ ಬೆಳಕಲ್ಲಿ ಸಣ್ಣ ಅರದಿಂದ ತುದಿಯನ್ನಷ್ಟೇ ಉಜ್ಜುತ್ತೇನೆ. ಮೇಲಿನದು ಉಗುರಿನಂಥ ಚಿಪ್ಪು, ಒಳಗೆ ಎಲುಬೂ ರಕ್ತವೂ ಇದೆ. ಆಸೆಪಟ್ಟು ಕತ್ತರಿಸಲು ಹೋದರೆ ರಕ್ತ ನಿಲ್ಲುವುದೇ ಕಷ್ಟ. ತುದಿ ಕಡಲೆಕಾಳಿನಂತೆ ಗುಂಡಗಾದರೆ ಸಾಕು.

ಕಳೆದ ವರ್ಷ ಹೇಟೆಗಳು ಇಪ್ಪತ್ತಾದ ಮೇಲೆ ಎರಡನೇ ಹುಂಜ ಬಿಟ್ಟೆ. ಬೆಳಗಿನ ಜಾವ ಮೊದಲು ಕೂಗುವುದು ಯಾವಾಗಲೂ ಬೂದು ಹುಂಜವೇ, ಅದು ಕೂಗಿದ ಮೇಲೆ ಇನ್ನೊಂದು. ಜಪಾನಿನ ಸಂಶೋಧಕರು ಇದನ್ನೇ ನೋಡಿ 2015ರಲ್ಲಿ ಪ್ರಕಟಿಸಿದ್ದಾರೆ: ಗುಂಪಿನ ಯಜಮಾನ ಮೊದಲು ಕೂಗುತ್ತದೆ, ಉಳಿದವು ತಮ್ಮ ಮಟ್ಟದಂತೆ ಸರದಿ ಕಾಯುತ್ತವೆ, ಯಜಮಾನನನ್ನು ತೆಗೆದರೆ ಎರಡನೆಯದು ಮೊದಲಾಗುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡೇ ನಾನು ಆ ಸರದಿ ಕೇಳುತ್ತೇನೆ. ಸರದಿ ತಪ್ಪಿದ ದಿನ ಹಿತ್ತಲಲ್ಲಿ ಜಗಳ ಹುಟ್ಟಿದೆ ಎಂದು ತಿಳಿದುಕೊಂಡು ಬೇಗ ಎದ್ದು ಹೋಗುತ್ತೇನೆ.

ಈಗ ಬೂದು ಹುಂಜದ ಮಗ, ಆರು ತಿಂಗಳ ಪಿಳ್ಳೆಹುಂಜ ಒಂದಿದೆ. ಮೊನ್ನೆ ನನ್ನ ಮುಂದೆ ರೆಕ್ಕೆ ಇಳಿಬಿಟ್ಟಿತು. ನಾನು ಎರಡು ಹೆಜ್ಜೆ ಮುಂದಿಟ್ಟೆ, ಪಕ್ಕಕ್ಕೆ ಸರಿಯಿತು. ಮಗಳಿಗೆ ಈಗ ಹನ್ನೆರಡು. ಬೆಳಿಗ್ಗೆ ಗೂಡಿನ ಬಾಗಿಲನ್ನು ಎರಡು ಸಲ ತಟ್ಟಿ ತಾನು ಬಂದದ್ದನ್ನು ತಿಳಿಸಿಯೇ ತೆಗೆಯುತ್ತಾಳೆ. ಪಿಳ್ಳೆ ಮೊದಲು ಹೊರಗೆ ಬರುತ್ತದೆ, ಅವಳು ಬಾಗಿಲ ಪಕ್ಕ ಅಲುಗಾಡದೆ ನಿಂತಿರುತ್ತಾಳೆ. ಬರುವ ಯುಗಾದಿವರೆಗೂ ಅದನ್ನು ನೋಡೋಣ ಅಂದುಕೊಂಡಿದ್ದೇವೆ.