ನೂಡಲ್ಸ್ ಹಿಡಿದು ಗಡಿಗಳನ್ನು ಓದುವುದು: ಏಷ್ಯಾ ಅಧ್ಯಯನದ ವಿದ್ಯಾರ್ಥಿಗಳಿಗೆ

ಜಾಗತೀಕರಣ ಮತ್ತು ಏಷ್ಯಾದ ಸಾಂಸ್ಕೃತಿಕ ಗಡಿಗಳ ಕುರಿತು ಪ್ರಬಂಧ ಬರೆಯಹೊರಟವರು ವ್ಯಾಖ್ಯೆಗಳಿಂದ ಆರಂಭಿಸದೆ, ಗಡಿ ದಾಟಿದ ಒಂದೇ ಒಂದು ವಸ್ತುವನ್ನು ಆರಿಸಿಕೊಂಡು ಅದರ ಬೆನ್ನು ಹಿಡಿಯುವುದು ಒಳ್ಳೆಯದು. ದಿಢೀರ್ ನೂಡಲ್ಸನ್ನೇ ತೆಗೆದುಕೊಳ್ಳಿ.

ಮೊದಲು ಹೆಸರನ್ನು ವಿಚಾರಿಸಿ. ಚೀನಾದಲ್ಲಿ ‘ಲಾಮ್ಯನ್’ ಎಂದರೆ ಕಣಕವನ್ನು ಕೈಯಿಂದ ಎಳೆದೆಳೆದು ಮಾಡಿದ ನೂಡಲ್ಸ್. ಜಪಾನಿನಲ್ಲಿ ‘ರಾಮೆನ್’ ಎಂದರೆ ಸಾಮಾನ್ಯವಾಗಿ ಅಂಗಡಿಯಲ್ಲಿ ಬಿಸಿ ಸಾರಿನೊಂದಿಗೆ ಬಡಿಸುವಂಥದ್ದು. ದಕ್ಷಿಣ ಕೊರಿಯಾದಲ್ಲಿ ‘ರಾಮ್ಯೊನ್’ ಎಂದರೆ ಬಹುಮಟ್ಟಿಗೆ ಪೊಟ್ಟಣದ್ದೇ. ಜಪಾನಿನಲ್ಲಿ ರಾಮೆನ್‌ಗೆ ಮೊದಲು ಬಳಕೆಯಲ್ಲಿದ್ದ ‘ಶಿನಾ ಸೋಬಾ’ (ಚೀನಾದ ನೂಡಲ್ಸ್) ಎಂಬ ಹೆಸರು, ಚೀನಾವನ್ನು ಸೂಚಿಸುವ ‘ಶಿನಾ’ ಎಂಬ ಪದ ಚೀನೀಯರಿಗೆ ಅವಮಾನಕರವೆನಿಸಿದ್ದರಿಂದ, ಎರಡನೆಯ ಮಹಾಯುದ್ಧದ ನಂತರ ಹಿಂದೆ ಸರಿದು, ಅದೇ ಅರ್ಥದ ‘ಚೂಕಾ ಸೋಬಾ’ಗೆ ಎಡೆಮಾಡಿತು. ಇಂಥ ಬದಲಾವಣೆಗಳ ಕಾಲವನ್ನು ಪ್ರತ್ಯೇಕವಾಗಿ ಗುರುತಿಟ್ಟುಕೊಳ್ಳಿ.

ಅನಂತರ ತಯಾರಕನನ್ನೂ ಹಿಟ್ಟನ್ನೂ ನೋಡಿ. 1958ರಲ್ಲಿ ಒಸಾಕಾ ಬಳಿಯ ಇಕೆಡಾದಲ್ಲಿ, ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ನೀರಿನಂಶ ತೆಗೆಯುವ ವಿಧಾನವನ್ನು ರೂಪಿಸಿದ ಮೊಮೊಫುಕು ಅಂಡೊ ಹುಟ್ಟಿದ್ದು 1910ರಲ್ಲಿ, ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ. ಯುದ್ಧಾನಂತರದ ಜಪಾನಿಗೆ ಗೋಧಿ ಹೇರಳವಾಗಿ ಬಂದದ್ದು ಅಮೆರಿಕದಿಂದ. ‘ಅಪ್ಪಟ ಜಪಾನೀ’ ಎಂಬ ಮಾತೂ ‘ಪಾಶ್ಚಾತ್ಯೀಕರಣ’ ಎಂಬ ಸಿದ್ಧಪದವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ನನ್ನ ಮಟ್ಟಿಗೆ ಮುಂದಿನ ಹೆಜ್ಜೆಯೇ ಮುಖ್ಯ: ಅದೇ ಗಡಿಯಲ್ಲಿ ತಡೆಯಲ್ಪಟ್ಟ ಇನ್ನೊಂದು ವಸ್ತುವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಸಮ್ಯಾಂಗ್ ಸಂಸ್ಥೆ ಜಪಾನಿನಿಂದ ತಂತ್ರಜ್ಞಾನ ಪಡೆದು ಕೊರಿಯಾದ ಮೊದಲ ದಿಢೀರ್ ನೂಡಲ್ಸನ್ನು ಮಾರಾಟಕ್ಕಿಟ್ಟದ್ದು 1963ರಲ್ಲಿ, ಅಂದರೆ ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಸಹಜಗೊಳ್ಳುವುದಕ್ಕೆ ಎರಡು ವರ್ಷ ಮೊದಲೇ. ದಕ್ಷಿಣ ಕೊರಿಯಾದಲ್ಲಿ ಜಪಾನೀ ಚಲನಚಿತ್ರ ಮತ್ತು ಹಾಡುಗಳ ಮೇಲಿದ್ದ ನಿರ್ಬಂಧವಾದರೋ 1998ರಿಂದ ಹಂತಹಂತವಾಗಿ ಸಡಿಲಗೊಂಡಿತು. ಕೊರಿಯಾದ ಮೇಲಿದ್ದ ಜಪಾನಿನ ವಸಾಹತು ಆಳ್ವಿಕೆಯ ನೆನಪು ಹಾಡಿಗೆ ಅಂಟಿಕೊಂಡಷ್ಟು ನೂಡಲ್ಸಿಗೆ ಏಕೆ ಅಂಟಲಿಲ್ಲ? ಅಕ್ಕಿಯ ಕೊರತೆಯಿದ್ದ ಆ ಕಾಲದಲ್ಲಿ ಹಿಟ್ಟಿನ ಆಹಾರವನ್ನು ಸರ್ಕಾರವೇ ಪ್ರೋತ್ಸಾಹಿಸಿತ್ತು. ಕೋಳಿ ಸಾರಿನ ರುಚಿಯಲ್ಲಿ ಆರಂಭವಾದದ್ದಕ್ಕೆ ಆಮೇಲೆ ಅಲ್ಲಿಯ ನಾಲಿಗೆಗೆ ಒಗ್ಗುವ ಖಾರವೂ ಸೇರಿತು. ಪ್ರಬಂಧದ ಅರ್ಧದಷ್ಟನ್ನಾದರೂ ಈ ಪ್ರಶ್ನೆಗೆ ಮೀಸಲಿಡಿ.

ಕಾಲವ್ಯಾಪ್ತಿಯನ್ನು 1958ರಿಂದ 1998ಕ್ಕೆ, ದೇಶಗಳನ್ನು ಎರಡಕ್ಕೆ ಸೀಮಿತಗೊಳಿಸಿ. ಭಾರತದ ಮ್ಯಾಗಿಯನ್ನೂ ಸೇರಿಸುವ ಆಸೆ ನಮ್ಮವರಿಗೆ ಹುಟ್ಟದೆ ಇರದು. ಆದರೆ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಮೂಲಕ ಬಂದು ಮಸಾಲೆಯ ರುಚಿ ಪಡೆದ ಅದರ ದಾರಿಯೇ ಬೇರೆ, ಅದಕ್ಕೆ ಇನ್ನೊಂದು ಪ್ರಬಂಧವೇ ಬೇಕು.