ಗೆದ್ದ ಆಟವನ್ನು ಕೈಬಿಡದಿರಲು

ಚದುರಂಗ ಸ್ಪರ್ಧೆಯೊಂದರಲ್ಲಿ ನನ್ನ ಬಳಿ ಎದುರಾಳಿಗಿಂತ ಒಂದು ಕುದುರೆ ಹೆಚ್ಚಿತ್ತು, ಗಡಿಯಾರದಲ್ಲಿ ನಲವತ್ತು ನಿಮಿಷ ಉಳಿದಿತ್ತು. ಡಿ7 ಎಂಬ ಮನೆಯಲ್ಲಿ (ಅಕ್ಷರ ಕಂಬಸಾಲನ್ನು, ಅಂಕಿ ಅಡ್ಡಸಾಲನ್ನು ಹೇಳುತ್ತದೆ) ಕಾವಲಿಲ್ಲದ ಪದಾತಿ ಕಂಡದ್ದೇ ತಡ, ಡಿ1ರಲ್ಲಿದ್ದ ಆನೆಯಿಂದ ಅದನ್ನು ಹೊಡೆದೆ. ಎದುರಿಗಿದ್ದ ಹುಡುಗ ತನ್ನ ಆನೆಯನ್ನು ಇ8ರಿಂದ ಇ1ಕ್ಕೆ ಇಳಿಸಿದ. ಜಿ1ರಲ್ಲಿದ್ದ ನನ್ನ ರಾಜನ ಮುಂದೆ ನನ್ನದೇ ಮೂರು ಪದಾತಿಗಳು ಬಾಗಿಲು ಮುಚ್ಚಿ ನಿಂತಿದ್ದವು. ಚೆಕ್‌ಮೇಟ್: ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ನಾನು ಸೋತೆ.

ನಮ್ಮಂಥ ಹವ್ಯಾಸಿಗಳು ಸೋಲುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಮೊದಲ ಸ್ಪರ್ಧೆಗೆ ಹೊರಟವರು ಆರಂಭದ ಇಪ್ಪತ್ತು ನಡೆಗಳನ್ನು ಉರು ಹೊಡೆಯಬೇಕಾಗಿಲ್ಲ. ಎದುರಾಳಿ ಐದನೆಯದಕ್ಕೇ ಬೇರೆ ದಾರಿ ಹಿಡಿಯುತ್ತಾನೆ. ನಡುವಿನ ನಾಲ್ಕು ಮನೆಗಳ ಮೇಲೆ ಕಣ್ಣಿಡಿ, ಕುದುರೆ ಒಂಟೆಗಳನ್ನು ಹೊರತನ್ನಿ, ಬೇಗ ಕ್ಯಾಸ್ಲಿಂಗ್ ಮುಗಿಸಿ, ಅಂದರೆ ರಾಜನನ್ನು ಆನೆಯತ್ತ ಎರಡು ಮನೆ ಸರಿಸಿ ಆ ಆನೆಯನ್ನು ಅವನ ಆಚೆ ಪಕ್ಕಕ್ಕೆ ಇಡಿ. ಆಗ ಮೊದಲು ರಾಜನನ್ನೇ ಮುಟ್ಟಿ. ಆನೆಯನ್ನು ಮೊದಲು ಮುಟ್ಟಿದರೆ ಆ ಬದಿಯ ಕ್ಯಾಸ್ಲಿಂಗ್ ಕೈತಪ್ಪುತ್ತದೆ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮ ಮನೆಯಾಟದಲ್ಲಿ ಸಡಿಲ, ಸ್ಪರ್ಧೆಯಲ್ಲಿ ಅಲ್ಲ.

ಈಗ ನಾನು ಪಾಲಿಸುವ ಕ್ರಮ ಇದು. ಎದುರಾಳಿ ನಡೆಸಿದ ಕೂಡಲೇ ಅವನ ನಡೆಯನ್ನು ಹಾಳೆಯಲ್ಲಿ ಬರೆಯುತ್ತೇನೆ. ಬರೆಯುವಷ್ಟು ಹೊತ್ತಾದರೂ ಕೈ ಕಟ್ಟಿದಂತಿರುತ್ತದೆ. ನನ್ನ ಉತ್ತರ ಮನಸ್ಸಿನಲ್ಲಿ ತೀರ್ಮಾನವಾದ ಮೇಲೆ, ಅದನ್ನು ಆಡಿಯಾಯಿತು ಎಂದು ಊಹಿಸಿಕೊಂಡು, ಅವನ ಕುರ್ಚಿಯಿಂದ ನೋಡುತ್ತೇನೆ: ಅವನು ಎಲ್ಲಿ ಚೆಕ್ ಕೊಡಬಲ್ಲ, ಅಂದರೆ ನನ್ನ ರಾಜನ ಮೇಲೆ ನೇರ ಏಟು ಹಾಕಬಲ್ಲ? ಏನನ್ನು ಹೊಡೆಯಬಲ್ಲ? ನಾನು ಎತ್ತುವ ಕಾಯಿ ಇದುವರೆಗೆ ಏನನ್ನು ಕಾಯುತ್ತಿತ್ತು? ಕೊನೆಯ ಪ್ರಶ್ನೆಯನ್ನು ಅಂದು ಕೇಳಿಕೊಂಡಿದ್ದರೆ ಆನೆ ಡಿ1ರಲ್ಲೇ ಇರುತ್ತಿತ್ತು. ಆಮೇಲೆ ಕಾಯಿ ನಡೆಸಿ, ಅದೇ ಕೈಯಿಂದ ಗಡಿಯಾರ ಒತ್ತುತ್ತೇನೆ. ಸ್ವಂತ ನಡೆಯನ್ನು ಆಡುವ ಮುನ್ನವೇ ಬರೆದಿಡುವಂತಿಲ್ಲ, ನೆನಪಿರಲಿ.

ಆಟ ಶಾಂತವಾಗಿರುವಾಗ ಎಚ್2ರ ಪದಾತಿಯನ್ನು ಒಂದು ಮನೆ ಮುಂದೆ ತಳ್ಳಿ ರಾಜನಿಗೆ ಕಿಟಕಿ ಮಾಡಿಕೊಡಿ. ಆದರೆ ರಾಜನ ಮೇಲೆ ದಾಳಿ ಶುರುವಾಗಿದ್ದರೆ ಅದೇ ನಡೆ ಮನೆಯ ಗೋಡೆ ಒಡೆದಂತೆ.

ಸೋಲುತ್ತಿರುವಾಗ ಬೇಗ ಕೈ ಚೆಲ್ಲಬೇಡಿ. ನಿಮ್ಮ ಒಂಟಿ ರಾಜ ಎ8ರಲ್ಲಿದ್ದು, ಎದುರಾಳಿ ಅವಸರದಲ್ಲಿ ಮಂತ್ರಿಯನ್ನು ಬಿ6ಕ್ಕೆ ತಂದನೆನ್ನಿ. ಚೆಕ್ ಇಲ್ಲ, ನಡೆಯೂ ಇಲ್ಲ: ಸ್ಟೇಲ್‌ಮೇಟ್, ಅರ್ಧ ಅಂಕ ನಿಮ್ಮದು.

ಆಟ ಮುಗಿದ ಮೇಲೆ ಎದುರಾಳಿಯನ್ನು ಹೊರಗೆ ಕರೆದು ಇಬ್ಬರೂ ಸೇರಿ ನಡೆಗಳನ್ನು ತಿರುಗಿ ಆಡಿ. ನಾಚಿಕೆಯಾಗುತ್ತದೆ, ಆದರೂ ಆಡಿ. ನಾನು ಆಡಿದಾಗ ಆ ಹುಡುಗ ಮೆಲ್ಲಗೆ ಹೇಳಿದ: "ಆರು ನಡೆಗಳಿಂದ ನಿಮ್ಮ ಆನೆ ಯಾವಾಗ ಏಳುತ್ತದೆಂದು ಕಾಯುತ್ತಿದ್ದೆ ಸರ್."