ವಾಂಗಣಿಯ ತಗ್ಗು ಜಾಗಕ್ಕೆ ನಾಲ್ಕು ಅಡಿ ಮುರುಮ್: ನನ್ನ ಅನುಭವ

2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ವಾಂಗಣಿಯ ಬಳಿ ನೀರಿನ ನಡುವೆ ನಿಂತ ದಿನ, ನಾನು ಅಲ್ಲಿ ಕೊಂಡಿದ್ದ 50×60 ಅಡಿಯ ಜಾಗವೂ ಮುಳುಗಿತ್ತು. ಪಕ್ಕದ ಬಾವಿಕಟ್ಟೆಯ ಮೇಲೆ ಉಳಿದ ಕೆಸರಿನ ಗೆರೆಯನ್ನು ಅಳೆದಾಗ ಅದು ನನ್ನ ನೆಲಕ್ಕಿಂತ ಎರಡೂವರೆ ಅಡಿ ಮೇಲಿತ್ತು. ಮಣ್ಣು ತುಂಬಿ ನಾಲ್ಕು ಅಡಿ ಏರಿಸಿ, ಏರಿಸಿದ ವರ್ಷವೇ ಮನೆ ಕಟ್ಟುವುದೆಂದು ನಿರ್ಧರಿಸಿದೆ. ಡೊಂಬಿವಲಿಯಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ಸೈಟುಗಳಲ್ಲಿ ದುಡಿಯುತ್ತಿರುವ, ವಿಜಯಪುರದ ಕಡೆಯ ಹಿರಿಯ ಗೌಂಡಿಯೊಬ್ಬರು ಕೇಳಿದೊಡನೆ ಬೇಡವೆಂದು ತಲೆಯಾಡಿಸಿದರು. “ತಮ್ಮಾ, ಭರ್ತಿ ಮಣ್ಣು ಮೂರು ಮಳಿಗಾಲ ನೀರು ಕುಡೀಬೇಕು, ಆಮ್ಯಾಲ ಪಾಯಾ ತಗಿ” ಎಂದರು. ಉಳಿದವರೂ ಅದನ್ನೇ ಹೇಳಿದರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಯಾವುದೋ ಕಟ್ಟಡದ ನೆಲಮಾಳಿಗೆ ಅಗೆದ ಮಣ್ಣು ಬ್ರಾಸಿಗೆ (ನೂರು ಘನ ಅಡಿಗೆ) ಏಳುನೂರು ರೂಪಾಯಿಗೆ, ಅಂದರೆ ಬರಿಯ ಸಾಗಾಣಿಕೆಯ ಖರ್ಚಿಗೆ, ಸಿಗುತ್ತದೆಂದು ಸುಮಾರು 50 ಬ್ರಾಸ್ ಒಂದೇ ಏಟಿಗೆ ಸುರಿಸಿದೆ. ಬಂದದ್ದು ಇಟ್ಟಿಗೆ ಚೂರು ಬೆರೆತ ಕಪ್ಪು ಮಣ್ಣು. ಜೂನಿನ ಎರಡನೆಯ ಮಳೆಯ ಮರುದಿನ 12 ಎಂಎಂ ಸರಳನ್ನು ಕೈಯಿಂದ ಒತ್ತಿದರೆ ಎರಡು ಅಡಿ ಸಲೀಸಾಗಿ ಇಳಿಯಿತು. ಅದನ್ನು ಹಾಕಿಸಿದ್ದಕ್ಕೆ 35 ಸಾವಿರ, ತೆಗೆಸಿದ್ದಕ್ಕೆ 40 ಸಾವಿರ ಹೋಯಿತು.

ಎರಡನೆಯ ಸಲ ಕೆಂಪು ಮುರುಮನ್ನೇ, ಅಂದರೆ ಕಲ್ಲಿನ ಹರಳು ಬೆರೆತ ಗಟ್ಟಿ ಮಣ್ಣನ್ನೇ, ತರಿಸಿದೆ. 3,000 ಚದರಡಿಗೆ ನಾಲ್ಕು ಅಡಿಯೆಂದರೆ 120 ಬ್ರಾಸ್ ಎಂದು ಕಾಗದದ ಮೇಲೆ ಬರುತ್ತದೆ. ರೋಲರ್ ಓಡಿದ ಮೇಲೆ ನನಗೆ ಹಿಡಿದದ್ದು 158 ಬ್ರಾಸ್. ಸಾಗಾಣಿಕೆ ಮತ್ತು ರಾಯಲ್ಟಿ (ಅಗೆದ ಮಣ್ಣಿಗೆ ಸರಕಾರಕ್ಕೆ ಕಟ್ಟುವ ಶುಲ್ಕ) ಸೇರಿ ಬ್ರಾಸಿಗೆ 1,900ರಂತೆ ಮೂರು ಲಕ್ಷವಾಯಿತು. ಡಂಪರಿನವರು ಐದು ಬ್ರಾಸ್ ಎಂದು ಹೇಳಿದ ಗಾಡಿಯ ಡಾಲಾವನ್ನು (ಮಣ್ಣು ತುಂಬುವ ತೊಟ್ಟಿಯನ್ನು) ಒಳಗಿಳಿದು ಟೇಪಿನಿಂದ ಅಳೆದಾಗ ನಾಲ್ಕು ಬ್ರಾಸಿಗಿಂತ ತುಸು ಹೆಚ್ಚಿತ್ತಷ್ಟೆ. ಅಂದಿನಿಂದ ಪ್ರತಿ ಗಾಡಿಯನ್ನೂ ಅಳೆದೇ ಹಣ ಕೊಟ್ಟೆ. ರಾಯಲ್ಟಿ ಕಟ್ಟಿದ ರಸೀದಿಯಿಲ್ಲದ ಗಾಡಿಯನ್ನು ಗೇಟಿನೊಳಗೆ ಬಿಡಲಿಲ್ಲ, ಏಕೆಂದರೆ ತಹಶೀಲ್ದಾರರು ಮಾರುಕಟ್ಟೆ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಬಹುದು.

ಕೆಲಸವನ್ನು ಉಳಿಸಿದ್ದು ನೀರು ಮತ್ತು ರೋಲರ್. ಎಂಟು ಇಂಚು ಸಡಿಲ ಮುರುಮ್ ಹರಡಿ, ನೀರುಣಿಸಿ, ಆರು ಇಂಚಿಗೆ ಇಳಿಯುವವರೆಗೆ ವೈಬ್ರೇಟರ್ ರೋಲರ್ ಓಡಿಸಿ, ಆ ಮೇಲೆಯೇ ಮುಂದಿನ ಪದರ ಹಾಕಿದೆ. ಹೀಗೆ ಎಂಟು ಪದರಗಳಾದವು. ಮೂಲೆಗಳಲ್ಲಿ ರೋಲರ್ ತಿರುಗದ ಕಡೆ ಪ್ಲೇಟ್ ಕಾಂಪ್ಯಾಕ್ಟರ್ (ಮಣ್ಣು ಅದುಮುವ ಸಣ್ಣ ಯಂತ್ರ) ಹಿಡಿದೆವು. ರೋಲರಿಗೆ 40 ಸಾವಿರ, ಜೆಸಿಬಿಗೆ 30 ಸಾವಿರ, ಎಂಟು ಟ್ಯಾಂಕರ್ ನೀರಿಗೆ 12 ಸಾವಿರ ತಗುಲಿತು. ನೀರು ಯಾವ ಹೊತ್ತಿಗೆ, ಎಷ್ಟು ಸಲ ಬಿಟ್ಟೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಬಹಳ ಹಣ ಕಳೆದುಕೊಂಡು ಕಲಿತ ವಿದ್ಯೆ.

ಅನಂತರ ಭರ್ತಿಯನ್ನು ಸೀಳಿಕೊಂಡು ಮೂಲ ನೆಲದ ಗಟ್ಟಿ ಮುರುಮಿನವರೆಗೆ ಏಳು ಅಡಿ ಆಳದ ಫುಟಿಂಗ್ (ಕಂಬದ ಅಡಿಪಾಯ) ಗುಂಡಿಗಳನ್ನು ತೆಗೆಸಿದೆ. ಗುಂಡಿಯ ಗೋಡೆ ಒಂದು ಹೆಂಟೆಯೂ ಉದುರದೆ ನೇರವಾಗಿ ನಿಂತಿತ್ತು, ಎಂಟೂ ಪದರಗಳು ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಗಳಂತೆ ಬೇರೆಬೇರೆಯಾಗಿ ಕಾಣುತ್ತಿದ್ದವು. ಆ ಹಿರಿಯರು ಕೆಳಗಿಳಿದು ಕರಣೆಯ ಮೊನೆಯಿಂದ ಅದನ್ನು ಕೆರೆದು ನೋಡಿ, ಮಾತಾಡದೆ ಮೇಲೆ ಬಂದರು.

ಭರ್ತಿಯ ಅಂದಾಜು ಹಾಕುವವರು ಹೆಚ್ಚಾಗಿ ಮರೆಯುವುದು ಸುತ್ತಲಿನ ತಡೆಗೋಡೆಯನ್ನು. ಕಲ್ಲಿನ ಗೋಡೆಗೆ ಮೂರೂಕಾಲು ಲಕ್ಷವಾಯಿತು, ಅಂದರೆ ಮಣ್ಣಿಗಿಂತಲೂ ಹೆಚ್ಚು. ಮೇಲಾಗಿ ನೀರು ಹೋಗುವ ತೂತುಗಳನ್ನು ಕೆಲಸಗಾರರು ಗಾರೆಯಿಂದ ಮುಚ್ಚಿದ್ದನ್ನು ನಾನು ಗಮನಿಸದ ಕಾರಣ, ಪೂರ್ವದ ಹದಿನೈದು ಅಡಿ ಗೋಡೆ ಮೊದಲ ಮಳೆಗೇ ಹೊಟ್ಟೆ ಬಿಟ್ಟಿತು. ಅದನ್ನು ಬಿಚ್ಚಿ, ಹಿಂದೆ ದಪ್ಪ ಜಲ್ಲಿ ತುಂಬಿ ಮತ್ತೆ ಕಟ್ಟಲು 45 ಸಾವಿರ ಬೇಕಾಯಿತು. ಎರಡು ಅಡಿಯ ಭರ್ತಿಯಾಗಿದ್ದರೆ ಗೋಡೆಯ ಖರ್ಚು ಅರ್ಧಕ್ಕಿಂತಲೂ ಕಡಿಮೆಯಾಗುತ್ತಿತ್ತು, ಏಕೆಂದರೆ ಎತ್ತರ ಏರಿದಂತೆ ಬುಡದ ದಪ್ಪವೂ ಏರಿಸಬೇಕು.

ಹಿತ್ತಿಲಿನ ಒಂದು ಮೂಲೆಯಲ್ಲಿ, ನೋಡೋಣವೆಂದು, ಮುರುಮಿನ ಬದಲು ಜಲ್ಲಿ ಒಡೆಯುವಾಗ ಸಿಗುವ ಕ್ರಷರ್ ಪುಡಿ ಹಾಕಿಸಿ ಅದೇ ರೀತಿ ಉರುಳಿಸಿದೆ. ಅದು ಮುರುಮಿಗಿಂತ ಚೆನ್ನಾಗಿ ಕೂತಿತು, ಆದರೆ ಬೆಲೆ ಒಂದೂವರೆ ಪಟ್ಟು. ಈಗ ಅದರ ಮೇಲೆ ನೀರಿನ ಟಾಕಿ ಇದೆ. ಮಣ್ಣು ಹಿಡಿದಿಡಲೆಂದು ಗೇಟಿನ ಇಳಿಜಾರಿಗೆ ನೆಟ್ಟ ಲಾವಂಚ ಎರಡನೆಯ ವರ್ಷ ಬೇರು ಹಿಡಿಯಿತು.

ಪ್ಲಿಂತ್ (ನೆಲಮಟ್ಟದಿಂದ ಮೇಲೆದ್ದ ಮನೆಯ ತಳಕಟ್ಟು) ಮೇಲೂ ಅಂಗಳದ ನಾಲ್ಕು ಕಡೆಯೂ ಕೆಂಪು ಬಣ್ಣದ ಗುರುತು ಹಾಕಿ, ಪ್ರತಿ ದೀಪಾವಳಿಗೆ ಲೆವೆಲ್ ಪೈಪ್ (ಮಟ್ಟ ನೋಡುವ, ನೀರು ತುಂಬಿದ ಕೊಳವೆ) ಹಿಡಿದು ನೋಡುತ್ತೇನೆ. ಮೂರು ಮಳೆಗಾಲ ಕಳೆದರೂ ಅಂಗಳ ಕುಸಿದದ್ದು ನಾಲ್ಕು ಮಿಲಿಮೀಟರು, ಮನೆಯೊಳಗಿನ ಟೈಲ್ಸಿನಲ್ಲಿ ಒಂದು ಗೆರೆಯೂ ಬಿದ್ದಿಲ್ಲ. ಎಲ್ಲ ಸೇರಿ ಎಂಟೂವರೆ ಲಕ್ಷದ ಆಸುಪಾಸಾಯಿತು. ಇದರಲ್ಲಿ ಕೊನೆಯ 30 ಸಾವಿರ ಪೈಪಿನದು: ನನ್ನ ಜಾಗ ಎತ್ತರವಾದ ಮೇಲೆ ಮಳೆನೀರು ಕೆಳಗಿನವರ ತೋಟಕ್ಕೆ ನುಗ್ಗತೊಡಗಿತು, ಅವರು ಹೇಳುವ ಮೊದಲೇ ಬೇಲಿಯಗುಂಟ ಒಂದು ಅಡಿಯ ಸಿಮೆಂಟ್ ಪೈಪ್ ಹೂತು ನೀರನ್ನು ಹಳ್ಳಕ್ಕೆ ಬಿಡಿಸಿದೆ.